ಹಳೇ ಕಥೆ ಮೊದಲು, ಹೊಸ ಕಥೆ ಆಮೇಲೆ: ಚಳಿಗಾಲದಲ್ಲಿ ಫೇರಿ ಟೇಲ್ ಸಂಕಲನ ಓದುವ ಬಗೆ

ಡಿಸೆಂಬರ್ ಬಂತೆಂದರೆ ಪುಸ್ತಕದಂಗಡಿಗಳ ಮುಂದಿನ ಮೇಜಿಗೆ ಒಂದು ಜಾತಿಯ ಪುಸ್ತಕ ಬಂದು ಕೂರುತ್ತದೆ. ಸ್ನೋ ವೈಟ್, ಸಿಂಡರೆಲಾ, ಕೆಂಪು ಟೋಪಿಯ ಹುಡುಗಿ, ಹೀಗೆ ಹಳೇ ಯುರೋಪಿನ ಕಿನ್ನರಿ ಕಥೆಗಳನ್ನು ಈ ಕಾಲದ ಲೇಖಕರು ತಮ್ಮದೇ ರೀತಿಯಲ್ಲಿ ಮತ್ತೆ ಹೇಳಿರುವ ಸಂಕಲನಗಳು. ಮುಖಪುಟ ಚೆಂದ. ಕಥೆಗಳು ಚಿಕ್ಕವು. ಕೈಗೆತ್ತಿಕೊಳ್ಳುವುದು ಸುಲಭ. ಆದರೆ ಕೊನೆಯವರೆಗೆ ಓದುವವರು ಕಡಿಮೆ. ಒಂದೇ ಸಲಕ್ಕೆ ಮೂರು ನಾಲ್ಕು ಕಥೆ ಓದುತ್ತಾರೆ. ಮುಂದಿನದಕ್ಕೆ ಬರುವಷ್ಟರಲ್ಲಿ 'ಎಲ್ಲಾ ಒಂದೇ ಥರ ಇದೆಯಲ್ಲ' ಅನ್ನಿಸುತ್ತದೆ. ಪುಸ್ತಕ ಕಪಾಟಿಗೆ ಹೋಗುತ್ತದೆ.

ಓದುವ ಕ್ರಮ ಸ್ವಲ್ಪ ಬದಲಾಯಿಸಿದರೆ ಈ ಬೇಸರ ಬರುವುದಿಲ್ಲ. ಮರುಹೇಳಿದ ಕಥೆಯ ಅರ್ಧ ಭಾಗ ಮಾತ್ರ ನಿಮ್ಮ ಕೈಯಲ್ಲಿರುವ ಪುಟದಲ್ಲಿದೆ. ಇನ್ನರ್ಧ ಹಳೇ ಕಥೆಯಲ್ಲಿದೆ. ಲೇಖಕಿ ಎಲ್ಲಿ ದಾರಿ ಬಿಟ್ಟರು, ಯಾರ ಬಾಯಿಗೆ ಮಾತು ಕೊಟ್ಟರು, ಯಾವ ಶಿಕ್ಷೆಯನ್ನು ಕೈಬಿಟ್ಟರು ಎಂಬುದೇ ಅಲ್ಲಿನ ನಿಜವಾದ ಕಥೆ. ಹಳೆಯದು ನೆನಪಿನಲ್ಲಿ ಮಸುಕಾಗಿದ್ದರೆ ಇದ್ಯಾವುದೂ ಕಾಣುವುದಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಡಿಸ್ನಿ ಸಿನಿಮಾ, ಇಲ್ಲವೇ ಮಕ್ಕಳ ಚಿತ್ರಪುಸ್ತಕ. ಅವೂ ಮರುಹೇಳಿಕೆಗಳೇ, ಅದೂ ತುಂಬಾ ಸೋಸಿದವು. ಅದಕ್ಕೇ ನನ್ನ ಸಲಹೆ ಒಂದೇ: ಜೋಡಿಯಾಗಿ ಓದಿ. ಅದೇ ರಾತ್ರಿ ಹಳೆಯದು ಮೊದಲು, ಹೊಸದು ಆಮೇಲೆ. ಇದಕ್ಕೆ ಬೇಕಾಗುವ ಸಿದ್ಧತೆ, ಪುಸ್ತಕ, ಜೋಡಿಗಳೆಲ್ಲ ಕೆಳಗಿವೆ.

ಚಳಿಗಾಲಕ್ಕೂ ಇದಕ್ಕೂ ಏನು ನಂಟು?

ಕಂಬಳಿ, ಕಾಫಿ, ಕಿಟಕಿ ಇದ್ದರೆ ಯಾವ ಪುಸ್ತಕವಾದರೂ ಚೆಂದವೇ. ಆದರೆ ಈ ಕಥೆಗಳಿಗೆ ಚಳಿಗಾಲದ ಜೊತೆ ಬೇರೆಯದೇ ಸಂಬಂಧ ಇದೆ. ಗ್ರಿಮ್ ಸಹೋದರರು ಕಥೆ ಕೂಡಿಸಿದ್ದು ಜರ್ಮನಿಯ ಕಾಸೆಲ್ ಊರಿನಲ್ಲಿ. ಅಲ್ಲಿ ಡಿಸೆಂಬರ್ ಕೊನೆಯಲ್ಲಿ ಹಗಲು ಸುಮಾರು 8 ಗಂಟೆ ಅಷ್ಟೇ. ಬೆಂಗಳೂರಿನಲ್ಲಿ ಅದೇ ಹೊತ್ತಿಗೆ ಹನ್ನೊಂದು ಗಂಟೆಗಿಂತ ಜಾಸ್ತಿ ಬೆಳಕಿರುತ್ತದೆ. ಕಾಸೆಲ್ ಕಡೆ ಸಂಜೆ ನಾಲ್ಕು ದಾಟುತ್ತಿದ್ದಂತೆ ಕತ್ತಲು. ಹೊಲ ಹಿಮದ ಕೆಳಗೆ. ಸೌದೆ, ದೀಪದ ಎಣ್ಣೆ ಎರಡೂ ಉಳಿಸಬೇಕು. ಆದ್ದರಿಂದ ಹಳ್ಳಿಯ ಹೆಂಗಸರು ರಾತ್ರಿ ಯಾರಾದರೂ ಒಬ್ಬರ ಮನೆಯಲ್ಲಿ ಸೇರಿ, ಒಂದೇ ಒಲೆ, ಒಂದೇ ದೀಪದಲ್ಲಿ ಅಗಸೆ ನಾರು ನೂಲುತ್ತಿದ್ದರು. ಹುಡುಗರೂ ಬಂದು ಸೇರಿಕೊಳ್ಳುತ್ತಿದ್ದರು. ಹಾಡು, ಹರಟೆ, ಕಥೆ, ತಮಾಷೆ ಎಲ್ಲ ನಡೆಯುತ್ತಿತ್ತು. ಇದು ಸರಿಯಲ್ಲ ಅಂತ ಅಲ್ಲಿನ ಅಧಿಕಾರಿಗಳು, ಪಾದ್ರಿಗಳು ಮತ್ತೆ ಮತ್ತೆ ನಿಲ್ಲಿಸಲು ನೋಡಿದರು. ಜನ ಬಿಡಲಿಲ್ಲ.

ಈ ಕಥೆಗಳಲ್ಲಿ ಕದಿರು, ರಾಟೆ, ನೂಲು ಇಷ್ಟೊಂದು ಯಾಕೆ ಬರುತ್ತವೆ ಎಂಬುದು ಇದರಿಂದ ಗೊತ್ತಾಗುತ್ತದೆ. ರಾಜಕುಮಾರಿಗೆ ಚುಚ್ಚುವುದು ಕದಿರು. ರುಂಪೆಲ್‌ಸ್ಟಿಲ್ಟ್‌ಸ್ಕಿನ್ ಹುಲ್ಲನ್ನು ಚಿನ್ನವಾಗಿ ನೂಲುತ್ತಾನೆ. ಹೇಳುವವರ ಕೈಯಲ್ಲಿ ಇದ್ದದ್ದೇ ಕಥೆಗೂ ಬಂತು. ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ತಂದ ಕಥೆಪುಸ್ತಕದ ಮೊದಲ ಚಿತ್ರದಲ್ಲೂ ಒಬ್ಬ ಮುದುಕಿ ಒಲೆಯ ಪಕ್ಕ ಕೂತು ನೂಲುತ್ತಾ ಕಥೆ ಹೇಳುತ್ತಿದ್ದಾಳೆ. ಅಡುಗೂಲಜ್ಜಿ ಕಥೆ ಅಂತ ನಾವು ಹಗುರವಾಗಿ ಅನ್ನುತ್ತೇವಲ್ಲ, ಆ ಅಜ್ಜಿಯ ಫ್ರೆಂಚ್ ಅಕ್ಕ ಇವಳು.

ಪ್ರಕಾಶಕರಿಗೂ ಇದು ಗೊತ್ತಿತ್ತು. ಗ್ರಿಮ್ ಸಹೋದರರ ಮೊದಲ ಸಂಪುಟ ಬಂದದ್ದು 1812ರ ಡಿಸೆಂಬರ್ 20ಕ್ಕೆ. ಡೆನ್ಮಾರ್ಕಿನ ಕಥೆಗಾರ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಅವರ 'ಹಿಮರಾಣಿ' ಬಂದದ್ದು 1844ರ ಡಿಸೆಂಬರ್ 21ಕ್ಕೆ. ಎರಡೂ ಕ್ರಿಸ್‌ಮಸ್ ಹೊತ್ತಿಗೆ ಸರಿಯಾಗಿ.

ನಮ್ಮ ಚಳಿ ಆ ಥರದ ಚಳಿ ಅಲ್ಲ, ನಿಜ. ಆದರೂ ದೀಪಾವಳಿ ಮುಗಿದ ಮೇಲೆ ಶುರು ಮಾಡಿದರೆ, ಚಳಿ 'ಶಿವ ಶಿವ' ಅಂತ ಓಡಿಹೋಗುವ ಶಿವರಾತ್ರಿಯವರೆಗೆ ಬೇಕಾದಷ್ಟು ರಾತ್ರಿಗಳು ಸಿಗುತ್ತವೆ. ಜರ್ಮನಿ, ಕೆನಡಾ ಕಡೆ ಇರುವ ಕನ್ನಡಿಗರಿಗಂತೂ ಕಥೆಯೊಳಗಿನ ಹವಾಮಾನವೇ ಕಿಟಕಿಯ ಹೊರಗೂ ಇರುತ್ತದೆ.

ಹೆಜ್ಜೆ 1: ಎರಡು ಪುಸ್ತಕ ಇಟ್ಟುಕೊಳ್ಳಿ

ಒಂದು ಹಳೆಯದು, ಒಂದು ಹೊಸದು. ಅದಕ್ಕಿಂತ ಜಾಸ್ತಿ ಕೊಳ್ಳಬೇಡಿ. ಹತ್ತು ಪುಸ್ತಕ ರಾಶಿ ಹಾಕಿಕೊಂಡವರು ಒಂದನ್ನೂ ಮುಗಿಸುವುದಿಲ್ಲ.

ಹಳೆಯದಕ್ಕೆ ದುಡ್ಡು ಖರ್ಚು ಮಾಡಬೇಕಿಲ್ಲ. ಗ್ರಿಮ್ ಕಥೆಗಳ ಹಳೇ ಇಂಗ್ಲಿಷ್ ಅನುವಾದಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. 1884ರ ಮಾರ್ಗರೆಟ್ ಹಂಟ್ ಅನುವಾದ ಹುಡುಕಿ. ಭಾಷೆ ಸ್ವಲ್ಪ ಹಳೆಯದಾದರೂ ಕತ್ತರಿ ಪ್ರಯೋಗ ಕಡಿಮೆ. ಬೇರೆ ಬೇರೆ ದೇಶದ ಕಥೆ ಬೇಕೆಂದರೆ ಆಂಡ್ರ್ಯೂ ಲ್ಯಾಂಗ್ ಹೆಸರಿನಲ್ಲಿ 1889ರಿಂದ 1910ರವರೆಗೆ ಬಂದ ಬಣ್ಣಬಣ್ಣದ ಹನ್ನೆರಡು ಪುಸ್ತಕಗಳೂ ಅಲ್ಲೇ ಇವೆ. ಅನುವಾದದ ಹೆಚ್ಚಿನ ಕೆಲಸ ಮಾಡಿದ್ದು ಅವರ ಹೆಂಡತಿ ಲಿಯೊನೊರಾ ಮತ್ತು ಇತರ ಹೆಂಗಸರು. ಮುಖಪುಟದಲ್ಲಿ ಮಾತ್ರ ಗಂಡನ ಹೆಸರು.

ದುಡ್ಡು ಕೊಟ್ಟು ತರುವುದಾದರೆ ಜ್ಯಾಕ್ ಜೈಪ್ಸ್ ಅನುವಾದಿಸಿ 2014ರಲ್ಲಿ ತಂದ ಗ್ರಿಮ್ ಮೊದಲ ಆವೃತ್ತಿ ತನ್ನಿ. ಯಾಕೆಂದರೆ ನಾವು ಸಾಮಾನ್ಯವಾಗಿ ಓದುವುದು 1857ರ ಏಳನೇ ಆವೃತ್ತಿ. ನಡುವಿನ 45 ವರ್ಷ ಮುಖ್ಯವಾಗಿ ವಿಲ್ಹೆಲ್ಮ್ ಗ್ರಿಮ್ ಕಥೆಗಳನ್ನು ತಿದ್ದುತ್ತಲೇ ಇದ್ದರು. 1812ರಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ. ಮುಂದಿನ ಆವೃತ್ತಿಯಲ್ಲಿ ಅವಳನ್ನು ಮಲತಾಯಿ ಮಾಡಿದರು. ಹ್ಯಾನ್ಸೆಲ್ ಮತ್ತು ಗ್ರೆಟೆಲ್ ತಾಯಿಗೂ ಕ್ರಮೇಣ ಅದೇ ಗತಿ. ರಪುಂಜೆಲ್ ಮೊದಲ ಆವೃತ್ತಿಯಲ್ಲಿ 'ಬಟ್ಟೆ ಯಾಕೋ ಬಿಗಿಯಾಗ್ತಿದೆಯಲ್ಲ' ಅಂತ ಮುಗ್ಧವಾಗಿ ಕೇಳಿ ಸಿಕ್ಕಿಬೀಳುತ್ತಾಳೆ. ಬಸುರಿ ಎಂಬ ಆ ಸೂಚನೆ ಆಮೇಲೆ ಮಾಯ. ತಾಯಂದಿರ ಮರ್ಯಾದೆ ಉಳಿಸಿದ ಅದೇ ಕೈ ಶಿಕ್ಷೆಗಳನ್ನು ಮಾತ್ರ ಕಡಿಮೆ ಮಾಡಲಿಲ್ಲ. ಸಿಂಡರೆಲಾಳ ಅಕ್ಕಂದಿರ ಕಣ್ಣನ್ನು ಪಾರಿವಾಳಗಳು ಕುಕ್ಕುವ ಭಾಗ ಎರಡನೇ ಆವೃತ್ತಿಯಲ್ಲಿ ಸೇರಿದ್ದು! ಇಷ್ಟು ತಿಳಿದ ಮೇಲೆ 'ಮೂಲ ಕಥೆಯನ್ನು ಕೆಡಿಸಿದ್ದಾರೆ' ಅಂತ ಹೊಸ ಲೇಖಕರ ಮೇಲೆ ಸಿಟ್ಟಾಗುವುದು ಕಷ್ಟ.

ಹೊಸದಕ್ಕೆ ನಿಮ್ಮ ರುಚಿ ನೋಡಿಕೊಳ್ಳಿ. ಇಂಥ ಓದು ಇದೇ ಮೊದಲು ಎಂದಾದರೆ ಫಿಲಿಪ್ ಪುಲ್ಮನ್ 2012ರಲ್ಲಿ ತಂದ ಐವತ್ತು ಗ್ರಿಮ್ ಕಥೆಗಳ ಪುಸ್ತಕ ಒಳ್ಳೆಯದು. ಅವರು ಕಥೆಯನ್ನು ತಲೆಕೆಳಗು ಮಾಡುವುದಿಲ್ಲ, ಚುರುಕಾಗಿ ಹೇಳುತ್ತಾರೆ. ಪ್ರತಿ ಕಥೆಯ ಕೊನೆಗೆ ಅದು ಯಾರಿಂದ ಬಂತು, ಎಲ್ಲೆಲ್ಲಿ ಅದರ ನೆಂಟರಿದ್ದಾರೆ ಎಂಬ ಟಿಪ್ಪಣಿ ಇದೆ. ಕಥೆ ತಿರುಗಿಬೀಳುವುದನ್ನೇ ನೋಡಬೇಕು ಅನ್ನುವವರು ಏಂಜೆಲಾ ಕಾರ್ಟರ್ ಅವರ 'ದಿ ಬ್ಲಡಿ ಚೇಂಬರ್' ತನ್ನಿ. 1979ರ ಪುಸ್ತಕ, ಹತ್ತೇ ಕಥೆ. ಎರಡು ವರ್ಷ ಮೊದಲು ಅವರೇ ಪೆರೋ ಕಥೆಗಳನ್ನು ಇಂಗ್ಲಿಷಿಗೆ ತಂದಿದ್ದರು. ಅಂದರೆ ಹಳೆಯದನ್ನು ಬಾಯಿಪಾಠದಷ್ಟು ತಿಳಿದು ಮುರಿದವರು. ಕವಿತೆ ಇಷ್ಟ ಇದ್ದರೆ ಆನ್ ಸೆಕ್ಸ್‌ಟನ್ ಅವರ 'ಟ್ರಾನ್ಸ್‌ಫಾರ್ಮೇಶನ್ಸ್' (1971), ಗ್ರಿಮ್ ಕಥೆಗಳ ಮೇಲೆ ಹದಿನೇಳು ಕವಿತೆ. ಹಲವು ಲೇಖಕರ ದನಿ ಬೇಕೆಂದರೆ ಎಲೆನ್ ಡ್ಯಾಟ್ಲೋ ಮತ್ತು ಟೆರಿ ವಿಂಡ್ಲಿಂಗ್ 1993ರಿಂದ ಸಂಪಾದಿಸಿದ ಆರು ಸಂಕಲನಗಳ ಸರಣಿ, ಇಲ್ಲವೇ ಕೇಟ್ ಬರ್ನ್‌ಹೈಮರ್ 2010ರಲ್ಲಿ ಸಂಪಾದಿಸಿದ ನಲವತ್ತು ಕಥೆಗಳ ದೊಡ್ಡ ಪುಸ್ತಕ ಇದೆ. ಹಲವರ ಸಂಕಲನದಲ್ಲಿ ಒಳ್ಳೆಯದೂ ಸುಮಾರಾದದ್ದೂ ಬೆರೆತೇ ಇರುತ್ತವೆ. ಇಷ್ಟವಾಗದ್ದನ್ನು ಬಿಟ್ಟು ಮುಂದೆ ಹೋಗಲು ಸಂಕೋಚ ಬೇಡ.

ನನ್ನನ್ನು ಕೇಳಿದರೆ ಮೊದಲ ಚಳಿಗಾಲಕ್ಕೆ ಗ್ರಿಮ್ ಮತ್ತು ಕಾರ್ಟರ್ ಸಾಕು.

ಹೆಜ್ಜೆ 2: ಕಥೆಯ ನಂಬರ್ ಹಿಡಿಯಿರಿ

ಇದು ಸ್ವಲ್ಪ ಲೈಬ್ರರಿ ಕೆಲಸದ ಥರ ಕಾಣಬಹುದು, ಆದರೆ ಐದು ನಿಮಿಷದ್ದು. ಜಗತ್ತಿನ ಜಾನಪದ ಕಥೆಗಳನ್ನು ವಿದ್ವಾಂಸರು ಹೋಲಿಕೆ ನೋಡಿ ಗುಂಪು ಮಾಡಿ ನಂಬರ್ ಕೊಟ್ಟಿದ್ದಾರೆ. 1910ರಲ್ಲಿ ಫಿನ್ಲೆಂಡಿನ ಆಂಟಿ ಆರ್ನೆ ಶುರು ಮಾಡಿದರು. ಅಮೆರಿಕದ ಸ್ಟಿತ್ ಥಾಂಪ್ಸನ್ ಬೆಳೆಸಿದರು. 2004ರಲ್ಲಿ ಜರ್ಮನಿಯ ಹಾನ್ಸ್-ಯೋರ್ಗ್ ಉಥರ್ ಪರಿಷ್ಕರಿಸಿದರು. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಎಟಿಯು ನಂಬರ್ ಅನ್ನುತ್ತಾರೆ. ಕೆಂಪು ಟೋಪಿಯ ಹುಡುಗಿ 333. ಸ್ನೋ ವೈಟ್ 709. ಸಿಂಡರೆಲಾ 510ಎ. ಹೆಂಡಿರನ್ನು ಕೊಲ್ಲುವ ನೀಲಿಗಡ್ಡದವನು 312. ಸುಂದರಿ ಮತ್ತು ಮೃಗ 425ಸಿ.

ಹೊಸ ಕಥೆ ಓದುವ ಮೊದಲು ಅದು ಯಾವ ಗುಂಪಿನದು ನೋಡಿ, ಆ ನಂಬರ್ ಹಾಕಿ ಅಂತರ್ಜಾಲದಲ್ಲಿ ಹುಡುಕಿ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿದ್ದ ಡಿ. ಎಲ್. ಆಶ್ಲಿಮನ್ ಹೀಗೆ ನಂಬರ್ ಪ್ರಕಾರ ನೂರಾರು ಕಥೆಗಳನ್ನು ಇಂಗ್ಲಿಷಿನಲ್ಲಿ ಉಚಿತವಾಗಿ ಓದಲು ಸಿಗುವಂತೆ ಮಾಡಿದ್ದಾರೆ. ಒಂದೇ ಕಥೆಯ ಇಟಲಿ, ನಾರ್ವೆ, ಭಾರತದ ರೂಪಗಳು ಒಂದರ ಕೆಳಗೊಂದು ಸಿಗುತ್ತವೆ. ಒಂದು ಎಚ್ಚರಿಕೆ: ಅಲ್ಲಿಗೆ ಹೋದರೆ ಹೊರಗೆ ಬರುವುದು ಕಷ್ಟ. ಒಂದು ರಾತ್ರಿಗೆ ಎರಡು ರೂಪ ಸಾಕು.

ಹೆಜ್ಜೆ 3: ಚಳಿಯ ಕಥೆಗಳಿಂದಲೇ ಶುರು ಮಾಡಿ

ಮೊದಲ ರಾತ್ರಿ ಗ್ರಿಮ್ ಪುಸ್ತಕದ ಕೊನೆಯ ಕಥೆ ಓದಿ. ನಂಬರ್ 200, 'ಚಿನ್ನದ ಕೀ'. (ಇದು ಎಟಿಯು ನಂಬರ್ ಅಲ್ಲ, ಗ್ರಿಮ್ ಪುಸ್ತಕದೊಳಗಿನ ಕ್ರಮಸಂಖ್ಯೆ. ಮುಂದೆ ಬರುವ ಗ್ರಿಮ್ ನಂಬರ್‌ಗಳೂ ಹೀಗೆಯೇ.) ಮುಕ್ಕಾಲು ಪುಟವೂ ಇಲ್ಲ. ಹಿಮ ಬಿದ್ದಿದೆ, ಬಡ ಹುಡುಗನೊಬ್ಬ ಸೌದೆಗೆ ಹೋಗುತ್ತಾನೆ. ಬೆಂಕಿ ಹಾಕೋಣ ಅಂತ ಹಿಮ ಸರಿಸಿದರೆ ಕೆಳಗೆ ಒಂದು ಕೀ, ಆಮೇಲೆ ಒಂದು ಕಬ್ಬಿಣದ ಪೆಟ್ಟಿಗೆ. ಒಳಗೇನಿದೆ? ಅವನು ಮುಚ್ಚಳ ತೆಗೆಯುವವರೆಗೆ ನಾವೂ ಕಾಯಬೇಕು ಅಂತ ಕಥೆ ಅಲ್ಲಿಗೇ ನಿಲ್ಲುತ್ತದೆ. ಸೆಕ್ಸ್‌ಟನ್ ತಮ್ಮ ಪುಸ್ತಕವನ್ನು ಶುರು ಮಾಡುವುದೇ ಈ ಕಥೆಯಿಂದ. ಗ್ರಿಮ್ ಸಹೋದರರು ಕೊನೆಗಿಟ್ಟದ್ದನ್ನು ಅವರು ಮೊದಲಿಗೆ ತಂದಿದ್ದಾರೆ. ಜೋಡಿ ಓದಿಗೆ ಇದಕ್ಕಿಂತ ಸುಲಭದ ಆರಂಭ ಇಲ್ಲ.

ಎರಡನೇ ರಾತ್ರಿಗೆ 'ಫ್ರೌ ಹೋಲೆ', ನಂಬರ್ 24. ರಕ್ತ ಬರುವಷ್ಟು ನೂಲುವ ಮಲಮಗಳ ಕದಿರು ಬಾವಿಗೆ ಬೀಳುತ್ತದೆ. ಅದನ್ನು ತರಲು ಹಾರಿದರೆ ಕೆಳಗೆ ಬೇರೆ ಲೋಕ. ಅಲ್ಲಿನ ಮುದುಕಿಯ ಹಾಸಿಗೆ ಕೊಡವಬೇಕು. ಅಲ್ಲಿ ಪುಕ್ಕ ಹಾರಿದರೆ ಇಲ್ಲಿ ಭೂಮಿಯ ಮೇಲೆ ಹಿಮ ಬೀಳುತ್ತದೆ. ಕೆಲಸ ಮಾಡಿದವಳ ಮೇಲೆ ಚಿನ್ನದ ಮಳೆ, ಸೋಮಾರಿಯ ಮೇಲೆ ಡಾಂಬರು. ಆ ಡಾಂಬರು ಸಾಯುವವರೆಗೂ ಹೋಗಲಿಲ್ಲವಂತೆ. ಈ ಕಥೆಯನ್ನು ವಿಲ್ಹೆಲ್ಮ್‌ಗೆ ಹೇಳಿದ್ದು ಕಾಸೆಲ್‌ನ ಡೊರೋತಿಯಾ ವಿಲ್ಡ್ ಎಂಬ ಹುಡುಗಿ. 1825ರಲ್ಲಿ ಅವರಿಬ್ಬರೂ ಮದುವೆಯಾದರು. ಗ್ರಿಮ್ ಸಹೋದರರು ಹಳ್ಳಿ ಹಳ್ಳಿ ಅಲೆದು ರೈತ ಮುದುಕಿಯರಿಂದ ಕಥೆ ಕೇಳಿ ಬರೆದುಕೊಂಡರು ಅಂತ ನಾವು ಅಂದುಕೊಂಡಿರುತ್ತೇವೆ. ಹೇಳಿದವರಲ್ಲಿ ಬಹಳಷ್ಟು ಮಂದಿ ಹೀಗೆ ಅಕ್ಕಪಕ್ಕದ, ಓದುಬರಹ ಬಲ್ಲ ಮನೆಗಳ ಹೆಣ್ಣುಮಕ್ಕಳು.

ಇದಕ್ಕೆ ಜೋಡಿಯಾಗಿ ರಷ್ಯಾದ 'ಮೊರೊಜ್ಕೊ' ಓದಿ. 1855ರಿಂದ 1863ರ ನಡುವೆ ಅಫನಾಸ್ಯೆವ್ ಪ್ರಕಟಿಸಿದ ಸಂಗ್ರಹದಲ್ಲಿದೆ. ಎರಡೂ ಎಟಿಯು 480. ಮಲತಾಯಿಯ ಮಾತು ಕೇಳಿ ಅಪ್ಪ ಮಗಳನ್ನು ಕಾಡಿನ ಹಿಮದಲ್ಲಿ ಬಿಟ್ಟು ಬರುತ್ತಾನೆ. ಚಳಿಯೇ ಮನುಷ್ಯ ರೂಪದಲ್ಲಿ ಬಂದು 'ಬೆಚ್ಚಗಿದ್ದೀಯಾ ಮಗಳೇ?' ಅಂತ ಕೇಳುತ್ತದೆ. ನಡುಗುತ್ತಲೇ ಅವಳು 'ಬೆಚ್ಚಗಿದ್ದೀನಪ್ಪ' ಅನ್ನುತ್ತಾಳೆ, ಬದುಕುತ್ತಾಳೆ. ಮಲತಾಯಿಯ ಮಗಳು ಇದ್ದದ್ದು ಇದ್ದಹಾಗೆ ಹೇಳಿ ಬೈಯುತ್ತಾಳೆ, ಸೆಟೆದು ಸಾಯುತ್ತಾಳೆ. ಜರ್ಮನ್ ಕಥೆ ಕೆಲಸವನ್ನು ನೋಡುತ್ತದೆ, ರಷ್ಯದ ಕಥೆ ಮಾತನ್ನು ನೋಡುತ್ತದೆ. ಯಾರೂ 'ಹೊಸದಾಗಿ' ಬರೆಯದೆಯೇ ಒಂದು ಕಥೆ ಎಷ್ಟು ಬದಲಾಗಬಹುದು ಎಂಬುದು ಇಲ್ಲೇ ಕಾಣುತ್ತದೆ, ಅಲ್ವಾ?

ಮೂರನೆಯದಾಗಿ ಸ್ನೋ ವೈಟ್. ಅದೂ ಶುರುವಾಗುವುದು ಚಳಿಗಾಲದಲ್ಲೇ, ಹಿಮ ಬೀಳುವಾಗ ಕಿಟಕಿಯ ಬಳಿ ಹೊಲಿಯುತ್ತಾ ಕೂತ ರಾಣಿಯಿಂದ. ಗ್ರಿಮ್ ಸಹೋದರರು ತಮ್ಮ ಟಿಪ್ಪಣಿಗಳಲ್ಲಿ ಇದರ ಇನ್ನೊಂದು ರೂಪ ಕೊಟ್ಟಿದ್ದಾರೆ. ಅಲ್ಲಿ ಹಿಮದ ಥರ ಬಿಳಿ ಹುಡುಗಿ ಬೇಕು ಅಂತ ಬಯಸುವುದು ತಾಯಿಯಲ್ಲ. ಹೆಂಡತಿಯ ಜೊತೆ ಗಾಡಿಯಲ್ಲಿ ಹೋಗುತ್ತಿರುವ ಗಂಡಸು. ಕಾರ್ಟರ್ ಅವರ 'ದಿ ಸ್ನೋ ಚೈಲ್ಡ್' ಹುಟ್ಟಿದ್ದು ಈ ಟಿಪ್ಪಣಿಯಿಂದ. ಎರಡೇ ಪುಟ. ಆದರೆ ಆ ಪುಸ್ತಕದ ಅತ್ಯಂತ ಕಠೋರ ಎರಡು ಪುಟ, ಲೈಂಗಿಕ ಹಿಂಸೆ ನೇರವಾಗಿಯೇ ಇದೆ. ಮನಸ್ಸು ಸರಿಯಿಲ್ಲದ ದಿನ ಬೇಡ. ಮಕ್ಕಳ ಕೈಗಂತೂ ಬೇಡವೇ ಬೇಡ.

ಹೆಜ್ಜೆ 4: ಒಂದು ವಾರ ಒಂದೇ ಕಥೆಗೆ ಕೊಡಿ

ಚಳಿಗಾಲದಲ್ಲಿ ಒಂದು ಕಥೆಯನ್ನಾದರೂ ಬೆನ್ನುಹತ್ತಿ ಹೋಗಬೇಕು. ನಾನು ತೋಳದ ಕಥೆಯನ್ನೇ ಆರಿಸುತ್ತೇನೆ, ಯಾಕೆಂದರೆ ಇದರ ಮೆಟ್ಟಿಲುಗಳು ಸ್ಪಷ್ಟವಾಗಿವೆ.

ಮೊದಲು ಪೆರೋ, 1697. ಹುಡುಗಿ ಅಜ್ಜಿಗೆ ತಿಂಡಿ ಒಯ್ಯುತ್ತಾಳೆ, ದಾರಿಯಲ್ಲಿ ತೋಳ ಸಿಗುತ್ತದೆ, ಅದು ಮೊದಲೇ ಹೋಗಿ ಅಜ್ಜಿಯನ್ನು ತಿಂದು ಹಾಸಿಗೆಯಲ್ಲಿ ಮಲಗುತ್ತದೆ. ಹುಡುಗಿ ಬರುತ್ತಾಳೆ, ಅವಳನ್ನೂ ತಿನ್ನುತ್ತದೆ. ಕಥೆ ಮುಗಿಯಿತು. ಬಿಡಿಸಲು ಯಾರೂ ಬರುವುದಿಲ್ಲ. ಕೆಳಗೆ ಪದ್ಯದಲ್ಲಿ ನೀತಿ: ಚೆಂದದ ಹುಡುಗಿಯರು ಕಂಡಕಂಡವರ ಮಾತು ಕೇಳಬಾರದು, ನಯವಾಗಿ ಮಾತಾಡುವ ತೋಳಗಳೇ ಹೆಚ್ಚು ಅಪಾಯ. ಫ್ರಾನ್ಸಿನ ದೊಡ್ಡ ಮನೆತನಗಳ ಹೆಣ್ಣುಮಕ್ಕಳಿಗೆ ಹೇಳಿದ ಮಾತು ಅದು.

ಮರುದಿನ ಗ್ರಿಮ್, ನಂಬರ್ 26. ಇಲ್ಲಿ ಬೇಟೆಗಾರ ಬರುತ್ತಾನೆ, ತೋಳದ ಹೊಟ್ಟೆ ಕತ್ತರಿಸುತ್ತಾನೆ, ಇಬ್ಬರೂ ಜೀವಂತ ಹೊರಬರುತ್ತಾರೆ, ತೋಳದ ಹೊಟ್ಟೆಗೆ ಕಲ್ಲು ತುಂಬುತ್ತಾರೆ. ಕಥೆ ಹೇಳಿದ ಹಾಸೆನ್‌ಫ್ಲುಗ್ ಮನೆಯವರಿಗೆ ಫ್ರೆಂಚ್ ಮೂಲದ ನಂಟಿತ್ತು. ಪೆರೋನ ತೋಳ ಆ ದಾರಿಯಲ್ಲೇ ಗಡಿ ದಾಟಿರಬೇಕು. ಬಹಳ ಜನ ಓದದೇ ಬಿಡುವ ಬಾಲವೊಂದು ಇದರಲ್ಲಿದೆ. ಇನ್ನೊಂದು ಸಲ ಇನ್ನೊಂದು ತೋಳ ಬರುತ್ತದೆ. ಈ ಸಲ ಅಜ್ಜಿ ಮೊಮ್ಮಗಳು ಸೇರಿ ತಾವೇ ಅದನ್ನು ನೀರಿನ ತೊಟ್ಟಿಗೆ ಕೆಡವಿ ಮುಳುಗಿಸುತ್ತಾರೆ. ಬೇಟೆಗಾರ ಬೇಕಾಗಲೇ ಇಲ್ಲ. ಚಿತ್ರಪುಸ್ತಕಗಳು ಈ ಬಾಲವನ್ನು ಯಾಕೆ ಕತ್ತರಿಸಿದವು ಅಂತ ಯೋಚಿಸುವುದೂ ಒಳ್ಳೆಯ ಕೆಲಸ.

ಮೂರನೇ ದಿನ, ಸಿಕ್ಕರೆ, 19ನೇ ಶತಮಾನದ ಕೊನೆಗೆ ಫ್ರಾನ್ಸಿನ ಹಳ್ಳಿಯಲ್ಲಿ ಬರೆದಿಟ್ಟುಕೊಂಡ 'ಅಜ್ಜಿಯ ಕಥೆ' ಓದಿ. ಕೆಂಪು ಟೋಪಿಯೇ ಇಲ್ಲ. ದಾರಿ ಎರಡು: ಸೂಜಿಯ ದಾರಿ, ಗುಂಡುಸೂಜಿಯ ದಾರಿ. ಹಾಸಿಗೆಗೆ ಬಂದ ಹುಡುಗಿಗೆ ಸಂಶಯ ಬರುತ್ತದೆ. 'ಹೊರಗೆ ಹೋಗಬೇಕು' ಅಂತಾಳೆ. ತೋಳ ಅವಳ ಕಾಲಿಗೆ ದಾರ ಕಟ್ಟಿ ಬಿಡುತ್ತದೆ. ಅವಳು ಅದನ್ನು ಬಿಚ್ಚಿ ಪ್ಲಮ್ ಮರಕ್ಕೆ ಕಟ್ಟಿ ಮನೆಗೆ ಓಡುತ್ತಾಳೆ. ತಿನ್ನಿಸಿಕೊಂಡೂ ಇಲ್ಲ, ಯಾರ ಸಹಾಯವನ್ನೂ ಕೇಳಿಲ್ಲ.

ಈಗ ಕಾರ್ಟರ್. ಅವರ ಪುಸ್ತಕದ ಕೊನೆಯ ಮೂರು ಕಥೆಗಳೂ ತೋಳದವು. 'ದಿ ವೇರ್‌ವುಲ್ಫ್' ಮೂರು ಪುಟದ ಕಥೆ. ಹುಡುಗಿ ದಾರಿಯಲ್ಲಿ ತೋಳದ ಮುಂಗಾಲು ಕತ್ತರಿಸುತ್ತಾಳೆ. ಅಜ್ಜಿ ಮನೆಗೆ ಬಂದು ನೋಡಿದರೆ ಅದು ಅಜ್ಜಿಯದೇ ಕೈ. ಊರವರು ಮುದುಕಿಯನ್ನು ಕಲ್ಲು ಹೊಡೆದು ಸಾಯಿಸುತ್ತಾರೆ. ಹುಡುಗಿ ಆ ಮನೆಯಲ್ಲೇ ಸುಖವಾಗಿ ಇರುತ್ತಾಳೆ. ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಹುಳುವಿನಂತೆ ಕೊರೆಯುತ್ತದೆ: ಅಜ್ಜಿ ನಿಜವಾಗಿ ತೋಳವಾಗಿದ್ದಳೋ, ಅಥವಾ ಹುಡುಗಿಗೆ ಆ ಮನೆ ಬೇಕಾಗಿತ್ತೋ? ಎರಡನೆಯದು 'ದಿ ಕಂಪನಿ ಆಫ್ ವುಲ್ವ್ಸ್'. ನಡುಚಳಿಗಾಲದ ಕಥೆ, ಕ್ರಿಸ್‌ಮಸ್ ಹೊತ್ತಿನದು. ಇಲ್ಲಿ ಹುಡುಗಿ ಹೆದರುವುದಿಲ್ಲ. ನಿನ್ನನ್ನು ತಿನ್ನುತ್ತೇನೆ ಅಂದಾಗ ಜೋರಾಗಿ ನಕ್ಕುಬಿಡುತ್ತಾಳೆ. ಪೆರೋ ಹೇಳಿದ ನೀತಿಗೆ 282 ವರ್ಷದ ಮೇಲೆ ಸಿಕ್ಕ ಉತ್ತರ ಆ ನಗು. ಪೆರೋ ಓದದೆ ನೇರವಾಗಿ ಇಲ್ಲಿಗೆ ಬಂದರೆ ಅದು ಬರೀ ವಿಚಿತ್ರ ಅಂತ್ಯವಾಗಿ ಕಾಣುತ್ತದೆ. ಮೂರನೆಯದರಲ್ಲಿ ತೋಳಗಳೇ ಸಾಕಿದ ಹುಡುಗಿ ಇದ್ದಾಳೆ. ಅದನ್ನು ನಿಧಾನಕ್ಕೆ, ಬೇರೆ ರಾತ್ರಿಗೆ ಇಟ್ಟುಕೊಳ್ಳಿ.

ತೋಳ ನಮಗೆ ದೂರದ್ದು ಅಂತ ಅಂದುಕೊಳ್ಳಬೇಡಿ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಒಂದು ಧಾಮ ಇದೆ. ಉತ್ತರ ಕರ್ನಾಟಕದ ಕುರಿಗಾಹಿಗಳಿಗೆ ತೋಳ ಕಥೆಪುಸ್ತಕದ ಪ್ರಾಣಿ ಅಲ್ಲವೇ ಅಲ್ಲ.

ಹೆಜ್ಜೆ 5: ಕ್ರಮ ಯಾವಾಗ ಮುರಿಯಬಹುದು, ಯಾವಾಗ ಬಾರದು

ಹಲವು ಲೇಖಕರ ಸಂಕಲನವಾದರೆ ಎಲ್ಲಿಂದ ಬೇಕಾದರೂ ಓದಿ. ಒಬ್ಬರೇ ಬರೆದದ್ದಾದರೆ ಮೊದಲು ಪರಿವಿಡಿ ನೋಡಿ. ಕಾರ್ಟರ್ ಸುಂದರಿ ಮತ್ತು ಮೃಗದ ಕಥೆಯನ್ನು ಎರಡು ಸಲ ಹೇಳುತ್ತಾರೆ, ಒಂದರ ಪಕ್ಕ ಒಂದು. ಮೊದಲನೆಯದರಲ್ಲಿ ಮೃಗ ಮನುಷ್ಯನಾಗುತ್ತದೆ. ಎರಡನೆಯದರಲ್ಲಿ ಹುಡುಗಿಯೇ ಹುಲಿಯಾಗುತ್ತಾಳೆ. ಇವುಗಳ ನಡುವೆ ಒಂದು ದಿನ ಮಾತ್ರ ಅಂತರ ಇರಲಿ. ಎಮಾ ಡೊನಹ್ಯೂ ಅವರ 'ಕಿಸಿಂಗ್ ದಿ ವಿಚ್' (1997) ಪುಸ್ತಕದಲ್ಲಿ ಹದಿಮೂರು ಕಥೆ. ಪ್ರತಿ ಕಥೆಯ ಕೊನೆಗೆ ನಾಯಕಿ ಎದುರಿನ ಹೆಂಗಸನ್ನು 'ನಿನ್ನ ಕಥೆ ಏನು' ಅಂತ ಕೇಳುತ್ತಾಳೆ, ಮುಂದಿನ ಕಥೆ ಅವಳದು. ಅದನ್ನು ನಡುವಿನಿಂದ ಓದಿದರೆ ಸರಪಳಿಯೇ ತಪ್ಪುತ್ತದೆ.

ಪ್ರಮಾಣ: ರಾತ್ರಿಗೆ ಒಂದು ಜೋಡಿ. ನಡುನಡುವೆ ರಜೆ ಕೊಟ್ಟರೂ ನಷ್ಟ ಇಲ್ಲ. ಹಳೆಯ ಕಥೆಗೆ ಹತ್ತು ಹದಿನೈದು ನಿಮಿಷ, ಹೊಸದಕ್ಕೆ ಅದರ ಎರಡರಷ್ಟು. 'ಹಿಮರಾಣಿ' ಮಾತ್ರ ಉದ್ದ. ಆಂಡರ್ಸನ್ ಅದನ್ನು ಏಳು ಭಾಗ ಮಾಡಿಯೇ ಇಟ್ಟಿದ್ದಾರೆ, ಮೂರು ರಾತ್ರಿಗೆ ಹಂಚಿಕೊಳ್ಳಿ. ಓದಿದ ಮೇಲೆ ಒಂದು ಚೀಟಿಯಲ್ಲಿ ಒಂದೇ ಸಾಲು ಬರೆಯಿರಿ: ಹಳೆಯದರಲ್ಲಿ ಸುಮ್ಮನಿದ್ದವರು ಯಾರು, ಹೊಸದರಲ್ಲಿ ಮಾತಾಡಿದವರು ಯಾರು. ಚೀಟಿ ಅದೇ ಪುಟದಲ್ಲಿರಲಿ. ದೊಡ್ಡ ಟಿಪ್ಪಣಿ ಪುಸ್ತಕ ಇಟ್ಟರೆ ಅದು ಹೋಮ್‌ವರ್ಕ್ ಆಗಿಬಿಡುತ್ತದೆ.

ಹೆಜ್ಜೆ 6: ಮನೆಯಲ್ಲಿ ಮಕ್ಕಳಿದ್ದರೆ

ಹೊಸ ಸಂಕಲನಗಳಲ್ಲಿ ಹೆಚ್ಚಿನವು ದೊಡ್ಡವರಿಗೆ ಬರೆದವು. ಮುಖಪುಟದ ಚಿತ್ರ ನೋಡಿ ಮಕ್ಕಳಿಗೆ ಉಡುಗೊರೆ ಕೊಡುವ ಮೊದಲು ನೀವು ಓದಿ. ಮಕ್ಕಳಿಗೆ ಹಳೆಯದೇ ಒಳ್ಳೆಯದು. ಅದನ್ನೂ ಓದಿ ಹೇಳುವುದಕ್ಕಿಂತ, ನೀವು ಓದಿಕೊಂಡು ಆಮೇಲೆ ಕನ್ನಡದಲ್ಲಿ ಬಾಯಲ್ಲಿ ಹೇಳಿ. 'ಫ್ರೌ ಹೋಲೆ' ಇದಕ್ಕೆ ಹೇಳಿ ಮಾಡಿಸಿದ್ದು. ಒಲೆಯೊಳಗಿನ ಬ್ರೆಡ್ 'ನಮ್ಮನ್ನ ಹೊರಗೆ ತೆಗಿ, ಬೆಂದಾಯ್ತು' ಅಂತ ಕೂಗುತ್ತದೆ. ಸೇಬಿನ ಮರ 'ಅಲ್ಲಾಡಿಸು, ಹಣ್ಣಾಗಿದೀವಿ' ಅನ್ನುತ್ತದೆ. ಎರಡನೇ ಹುಡುಗಿ ಬಂದಾಗ ಮಕ್ಕಳು ನಿಮಗಿಂತ ಮೊದಲು ಆ ಮಾತು ಹೇಳುತ್ತಾರೆ. 'ಚಮ್ಮಾರ ಮತ್ತು ಪುಟಾಣಿ ಕುಳ್ಳರು' ಕೂಡ ಕ್ರಿಸ್‌ಮಸ್ ಹೊತ್ತಿನ ಸೌಮ್ಯ ಕಥೆ.

ಹಿಮವನ್ನು ಮಳೆ ಮಾಡಬೇಡಿ, ಬ್ರೆಡ್ಡನ್ನು ಜೋಳದ ರೊಟ್ಟಿ ಮಾಡಬೇಡಿ. ಮಕ್ಕಳಿಗೆ ದೂರದ ಊರು ದೂರದ್ದಾಗಿಯೇ ಕಂಡರೆ ಖುಷಿ. ಭಯದ ಭಾಗ ಪೂರ್ತಿ ಬಿಡುವುದೂ ಬೇಡ, ಅದನ್ನು ಬೇಗ ದಾಟಿದರೆ ಆಯಿತು. ಸ್ನೋ ವೈಟ್ ಕಥೆಯ ಕೆಟ್ಟ ರಾಣಿ ಕಾದ ಕಬ್ಬಿಣದ ಶೂ ಹಾಕಿಕೊಂಡು ಕುಣಿದು ಸತ್ತಳು ಅಂದರೆ ಮಕ್ಕಳಿಗಿಂತ ಪಕ್ಕದಲ್ಲಿ ಕೂತ ದೊಡ್ಡವರೇ ಜಾಸ್ತಿ ಬೆಚ್ಚುತ್ತಾರೆ. ಮತ್ತೆ, ಹೂಂಗುಟ್ಟುವವರು ಒಬ್ಬರಾದರೂ ಎಚ್ಚರ ಇರಬೇಕು. 'ಹೂಂ' ನಿಂತರೆ ಕಥೆಯನ್ನೂ ನಿಲ್ಲಿಸಿ, ನಾಳೆಗೆ ಉಳಿಯುತ್ತದೆ.

ಹೆಜ್ಜೆ 7: ಕೊನೆಯ ಜೋಡಿ ಕನ್ನಡದ್ದಿರಲಿ

ಯುರೋಪಿನ ಕಥೆಗಳನ್ನು ಹೀಗೆ ಓದಿದ ಕಣ್ಣಿಗೆ ನಮ್ಮವು ಬೇರೆಯಾಗಿ ಕಾಣುತ್ತವೆ. ಎ. ಕೆ. ರಾಮಾನುಜನ್ ಕರ್ನಾಟಕದಲ್ಲಿ ಕೂಡಿಸಿದ ಕಥೆಗಳ ಇಂಗ್ಲಿಷ್ ಸಂಗ್ರಹ 'ಎ ಫ್ಲವರಿಂಗ್ ಟ್ರೀ' ಅವರು ತೀರಿಕೊಂಡ ಮೇಲೆ 1997ರಲ್ಲಿ ಬಂತು. ಅವರು ಸಿಂಡರೆಲಾ ಗುಂಪಿಗೆ ಸೇರಿಸಿ ಚರ್ಚಿಸಿದ ಕನ್ನಡ ಕಥೆ 'ಹಂಚಿ'. ಚಿನ್ನದ ಕೂದಲಿನ ಹುಡುಗಿ. ಒಡಹುಟ್ಟಿದ ಅಣ್ಣನ ಕಣ್ಣೇ ಅವಳ ಮೇಲೆ ಬೀಳುತ್ತದೆ. ತಾಯಿ ಅವಳ ಮುಖಕ್ಕೆ ಮಣ್ಣಿನ ಮುಖವಾಡ ಮಾಡಿಸಿ ಮನೆಯಿಂದ ಕಳಿಸಿಬಿಡುತ್ತಾಳೆ. ಗಾಜಿನ ಚಪ್ಪಲಿಯ ಪಕ್ಕ ಈ ಮಣ್ಣಿನ ಮುಖವಾಡ ಇಟ್ಟು ನೋಡಿ. ಒಂದು ಅವಳು ಯಾರು ಅಂತ ತೋರಿಸಿಕೊಡಲು ಇದೆ, ಇನ್ನೊಂದು ಮುಚ್ಚಿಡಲು.

ಹಳೆಯದು–ಹೊಸದರ ಜೋಡಿಯಾಗಿ ಕನ್ನಡದಲ್ಲಿ ಎಲ್ಲರಿಗೂ ಕೈಗೆ ಸಿಗುವುದು 'ನಾಗಮಂಡಲ'. ರಾಮಾನುಜನ್ ಅವರಿಂದ ಕೇಳಿದ ಎರಡು ಕಥೆಗಳನ್ನು ಹೆಣೆದು ಗಿರೀಶ ಕಾರ್ನಾಡರು ಬರೆದ ನಾಟಕ ಅದು. ಒಂದು, ಗಂಡನ ರೂಪದಲ್ಲಿ ರಾತ್ರಿ ಬರುವ ಹಾವಿನ ಕಥೆ. ಇನ್ನೊಂದು, ಗೊತ್ತಿದ್ದ ಒಂದು ಕಥೆ, ಒಂದು ಹಾಡು ಎರಡನ್ನೂ ಯಾರಿಗೂ ಹೇಳದೆ ಇಟ್ಟುಕೊಂಡ ಹೆಂಗಸಿನದು. ಈ ಎರಡನೆಯ ಕಥೆಯಲ್ಲಿ, ಊರಿನ ದೀಪಗಳೆಲ್ಲ ಆರಿದ ಮೇಲೆ ಜ್ಯೋತಿಗಳು ಹನುಮಂತನ ಗುಡಿಯಲ್ಲಿ ಸೇರಿ ತಂತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುತ್ತವೆ. ಕಾರ್ನಾಡರು ಈ ಮಾತಾಡುವ ದೀಪಗಳಿಂದಲೇ ನಾಟಕದ ಬಾಗಿಲು ತೆಗೆಯುತ್ತಾರೆ.

ಸಂಗ್ರಹದಲ್ಲಿರುವ ಎರಡೂ ಕಥೆಗಳನ್ನು ಮೊದಲು ಓದಿ, ಒಂದು ದಿನ ಬಿಟ್ಟು ನಾಟಕ ಓದಿ. ಜಾನಪದ ಕಥೆಯಲ್ಲಿ ಹಾವು ಸಾಯುತ್ತದೆ. ನಾಟಕದಲ್ಲೂ ನಾಗ, ರಾಣಿ ಎಂಬ ಹೆಸರಿನ ನಾಯಕಿಯ ಕೂದಲಿನಲ್ಲೇ ಉರುಲು ಹಾಕಿಕೊಳ್ಳುತ್ತಾನೆ, ಆದರೆ ಕಥೆ ಕೇಳುತ್ತಾ ಕೂತ ದೀಪಗಳು ಅದನ್ನು ಒಪ್ಪುವುದಿಲ್ಲ. ಆಗ ಇನ್ನೊಂದು ಅಂತ್ಯ ಬರುತ್ತದೆ. ಮೊದಲ ಅಂತ್ಯಕ್ಕೆ ಬಂದಾಗ ಪುಸ್ತಕ ಮುಚ್ಚಿ, ಮನೆಯಲ್ಲಿ ಇನ್ಯಾರಾದರೂ ಎಚ್ಚರ ಇದ್ದರೆ ಅವರಿಗೆ ಅಲ್ಲಿಯವರೆಗಿನ ಕಥೆ ಹೇಳಿ, ಮುಂದೇನಾಗಬೇಕು ಅಂತ ಕೇಳಿ. ಆಮೇಲೆ ಉಳಿದ ಪುಟಗಳನ್ನು ಓದಿ.